ತಾನಾಗಿ ನಿಂತ ಪ್ಯಾಂಟು

ಮನುಷ್ಯನ ಬೆಂಬಲವಿಲ್ಲದೆ ಪ್ಯಾಂಟೊಂದು ತನ್ನ ಕಾಲ ಮೇಲೆ ತಾನೇ ನಿಲ್ಲಬಲ್ಲದೆಂದು ಯಾರಾದರೂ ಹೇಳಿದ್ದರೆ ನಾನು ಪುರಾವೆ ಕೇಳುತ್ತಿದ್ದೆ. ಪುರಾವೆ ನಮ್ಮ ಗುರುಮಾಮನ ಬಾಗಿಲಲ್ಲೇ ಇತ್ತು. ರಬ್ಬರ್ ಬೂಟುಗಳೊಳಗೆ ಕಾಲು ತೂರಿಸಿ, ಸೊಂಟದ ಭಾಗವನ್ನು ಕೆಳಕ್ಕೆ ಮಡಚಿಟ್ಟ ಆ ದಪ್ಪನೆಯ ಪ್ಯಾಂಟು, ಒಳಗೆ ಜಿಗಿಯುವವರಿಗಾಗಿ ಬಾಯಿ ತೆರೆದು ಕಾಯುತ್ತ, ಅತಿಥಿಗಳು ಚಪ್ಪಲಿ ಬಿಡಬೇಕಾದ ಜಾಗವನ್ನೆಲ್ಲ ಆಕ್ರಮಿಸಿಕೊಂಡಿತ್ತು. ಹುಬ್ಬಳ್ಳಿಯಿಂದ ಹೊರದೇಶಕ್ಕೆ ಬಂದು ನೆಲೆಸಿದ ಈ ನನ್ನ ಸೋದರಮಾವ ಅಲ್ಲಿನ ವಾನ್ ನಗರದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ಪೇಜರ್ ಕೂಗಿದರೆ ಮಾತ್ರ ತಮ್ಮ ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕರು.

ಈ ಅಗ್ನಿಶಾಮಕರ ಬೇಸಿಗೆಯ ಸ್ಪರ್ಧೆಗಳ ಬಗ್ಗೆ ನನಗೆ ತಾತ್ವಿಕ ಆಕ್ಷೇಪವಿತ್ತು. ಊರೂರಿನ ತಂಡಗಳು ಮೈದಾನದಲ್ಲಿ ಸೇರಿ ನೀರಿನ ಧಾರೆಯಿಂದ ಪೀಪಾಯಿ ತಳ್ಳುವುದು, ಪೈಪು ಸುತ್ತುವುದು, ಸೀಟಿ ಊದಿದೊಡನೆ ಓಡಿ ಉಡುಪು ತೊಡುವುದು. ಬೆಂಕಿಯೇನು ಸೀಟಿ ಊದಿ ಬರುತ್ತದೆಯೇ? ಹೀಗೆ ಕೇಳುತ್ತಿದ್ದವಳು, ನಾಣ್ಯ ಚಿಮ್ಮಿ ಪಕ್ಷ ನಿರ್ಧರಿಸುವ ಚರ್ಚಾಸ್ಪರ್ಧೆಗಳಲ್ಲಿ ತಾನೇ ನಂಬದ ಮಾತನ್ನು ಗಂಟಲು ಹರಿಯುವಂತೆ ಸಮರ್ಥಿಸಿ ಕಪ್ಪು ಗೆದ್ದವಳು ಎಂಬುದನ್ನು ಓದುಗರು ದಯವಿಟ್ಟು ಈಗಲೇ ಮರೆತುಬಿಡಬೇಕು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮಾಮನ ತಂಡ ಮೊದಲ ಬಾರಿಗೆ ಅಂತಿಮ ಸುತ್ತು ತಲುಪಿತು. ಉಡುಪು ತೊಡುವ ಸರದಿಯ ಕೊನೆಯ ಓಟ, ಆರು ವರ್ಷ ಬರೀ ಪೈಪು ಸುತ್ತಿದ್ದ ಮಾಮನ ಪಾಲಿಗೆ ಬಂದಿತ್ತು. ಬೂಟು, ಪ್ಯಾಂಟು, ಕೋಟು, ಹೆಲ್ಮೆಟ್ಟು, ಕೈಗವಸು. ಮುಗಿಯಿತೆಂದು ಕೈ ಎತ್ತಿದರು, ಗಡಿಯಾರ ನಿಂತಿತು, ಮೂರು ಸೆಕೆಂಡಿನಿಂದ ಗೆದ್ದೆವು. ಅಷ್ಟರಲ್ಲಿ ತೀರ್ಪುಗಾರ ಬಂದು, ಮಾಮನ ಕೋಟಿನ ಕೊರಳಪಟ್ಟಿ ತೆರೆದಿದೆ, ಹತ್ತು ಸೆಕೆಂಡು ದಂಡ ಎಂದ.

ನಾನು ಬೇಲಿ ದಾಟಿದೆ. ಕೈ ಎತ್ತಿದ ಕ್ಷಣದಲ್ಲಿ ಪಟ್ಟಿ ತೆರೆದಿತ್ತೆಂದು ಕಂಡವರಾರು? ಗೆದ್ದ ಖುಷಿಯಲ್ಲಿ ಗದ್ದವೆತ್ತಿದಾಗ ಬಿಚ್ಚಿಕೊಂಡಿರಬಾರದೇಕೆ? ಸಂಶಯದ ಲಾಭ ಯಾರಿಗೆ ಸಲ್ಲಬೇಕು? ಆ ಬಡಪಾಯಿ ನಿಯಮಗಳ ಹಾಳೆಯನ್ನು ಎರಡು ಸಲ ತಿರುವಿ, ಮೀಸೆ ಕೆರೆದುಕೊಂಡು, ಬರೆದ ದಂಡವನ್ನು ಅಳಿಸಲು ಪೆನ್ಸಿಲನ್ನು ತಲೆಕೆಳಗಾಗಿ ಹಿಡಿದ. ಆಗ ಮಾಮ ಹೆಲ್ಮೆಟ್ಟು ತೆಗೆದು, ಗಡಿಬಿಡಿಯಲ್ಲಿ ತಾವು ಪಟ್ಟಿ ಹಾಕಿರಲೇ ಇಲ್ಲವೆಂದು ಹೇಳಿಬಿಟ್ಟರು. ಕಪ್ಪು ಪಕ್ಕದ ಊರಿಗೆ ಹೋಯಿತು.

ಮರಳುವಾಗ ಕಾರಿನಲ್ಲಿ ಮುಖ ಊದಿಸಿಕೊಂಡು, ಗೆದ್ದ ಕೇಸನ್ನು ಕಕ್ಷಿದಾರನೇ ಕೆಡಿಸಿದನೆಂದು ದೂರಿದೆ.

"ಭಾಳ ಛಲೋ ಮಾತಾಡಿದಿ ಬಿಡವಾ," ಎಂದರು ಮಾಮ. "ಆದ್ರ ಬೆಂಕಿಯೊಳಗ ಹೋಗೂಮುಂದ ನಿನ್ನ ಜೋಡಿ ಕರ್ಕೊಂಡು ಹೋಗಾಕ ಆಗೂದಿಲ್ಲಲ್ಲ."

ನಿಯಮದ ಅರ್ಥದ ಮಟ್ಟಿಗೆ ನನ್ನ ವಾದವೇ ಸರಿಯೆಂಬುದು ಇಂದಿಗೂ ನನ್ನ ವಾದ. ಸೀಟಿಯ ಕುರಿತ ಆಕ್ಷೇಪವನ್ನು ಮಾತ್ರ ಹಿಂತೆಗೆದುಕೊಂಡಿದ್ದೇನೆ: ಪಟ್ಟಿ ಮರೆಯುವ ಕೈ ಯಾವುದೆಂದು ಬೆಂಕಿಗಿಂತ ಮೊದಲು ಮೈದಾನದ ಹುಲ್ಲಿನ ಮೇಲೆಯೇ ಗೊತ್ತಾಗಲೆಂದು ಅದನ್ನು ಊದುತ್ತಾರೆ.

ಅದೇ ವರ್ಷ ಅಕ್ಟೋಬರಿನ ಒಂದು ಭಾನುವಾರ ಅವರ ಮನೆಯಲ್ಲಿ ಊಟದ ನಡುವೆ ಪೇಜರ್ ಕೂಗಿತು. ಮಾಮ ಅರ್ಧ ರೊಟ್ಟಿ ಬಿಟ್ಟೆದ್ದು ಪ್ಯಾಂಟಿನೊಳಗೆ ಜಿಗಿದು, ಕೋಟು ಏರಿಸಿ, ಹೊಸ್ತಿಲಲ್ಲಿ ಅರೆಕ್ಷಣ ಗದ್ದವೆತ್ತಿ ನನಗೆ ಕೊರಳು ತೋರಿಸಿದರು. ಪಟ್ಟಿ ಬಿಗಿಯಾಗಿತ್ತು. ಆಕ್ಷೇಪವುಂಟೇ ಎಂದು ಹುಬ್ಬು ಕೇಳಿತು. ನಾನು ಬಾಗಿಲು ತೆರೆದು ಹಿಡಿದೆ. ಕಾರು ಹೊರಟ ಮೇಲೆ ಬಾಗಿಲ ಬಳಿ ಪ್ಯಾಂಟು ನಿಲ್ಲುವ ಅಷ್ಟಗಲ ಜಾಗ ಖಾಲಿ ಬಿದ್ದಿತ್ತು. ಆಮೇಲೆ ಬಂದ ಅತಿಥಿಗಳು ಅಲ್ಲಿ ಬಿಟ್ಟ ಚಪ್ಪಲಿಗಳನ್ನು, ಒಂದೂ ಕಾರಣ ಕೊಡದೆ, ನಾನೇ ಗೋಡೆಯ ಪಕ್ಕಕ್ಕೆ ಸರಿಸಿಟ್ಟೆ.