ಚಿನ್ನಪ್ಪ ಅಂದ್ರೆ ಚಿಕ್ಕಪ್ಪ ಅಲ್ಲ

ಇವತ್ತು ಸಹಕಾರನಗರದ ಪಾರ್ಕಿನಲ್ಲಿ ಯಾರೋ ಹೆಂಗಸು "ಚಿನ್ನಪ್ಪಾ" ಅಂತ ಕೂಗಿದ್ರು. ನಾನೊಬ್ಬನೇ ತಿರುಗಿದ್ದು.

ನಾನು ಹುಡುಗನಾಗಿದ್ದಾಗ ಅಲ್ಲಾಳಸಂದ್ರದಲ್ಲಿ ಹಂಗೆ ಕೂಗಿದ್ರೆ ಅರ್ಧ ಬೀದಿ ತಿರುಗೋದು. ನಮ್ಮ ಚರ್ಚಿನ ಫಾದರ್ ಹೆಸರೂ ಚಿನ್ನಪ್ಪಾನೇ. ಆದ್ರೆ ತಮಿಳು ಹುಡುಗರು "ಏನ್ ಚಿಕ್ಕಪ್ಪಾ" ಅಂತ ರೇಗಿಸೋರು, ಅವರ ಭಾಷೇಲಿ ಅರ್ಥ ಅದೇ ಅಂತೆ. ಹೊಡೆದಾಡಿ ಅಂಗಿ ಹರ್ಕೊಂಡು, ಬೇರೆ ಹೆಸರಿಡಿ ಅಂತ ಫಾದರ್ ಹತ್ರ ಹೋದೆ. ಸಾಂಬ್ರಾಣಿ ವಾಸನೆಯ ನಿಲುವಂಗಿಯಲ್ಲೇ ನನ್ನ ಮೂಗು ಒರೆಸಿದ್ರು.

"ನಿಮ್ಮಮ್ಮ ಯಾವ ಭಾಷೇಲಿ ಕೂಗ್ತಾಳೆ?"

"ಕನ್ನಡದಲ್ಲಿ."

"ಹಂಗಾದ್ರೆ ನೀನು ಬಂಗಾರ ಕಣೋ. ನಾನೂ ಅಷ್ಟೇ. ನಡಿ ಮನೆಗೆ."

ಆಮೇಲೆ ಹೆಸರು ಬದಲಾಯಿಸೋ ಮಾತೇ ಎತ್ತಲಿಲ್ಲ.

ಇವತ್ತು ಆಕೆ ಕೂಗಿದ್ದು ಮೊಮ್ಮಗನನ್ನ, ಮುದ್ದಿಗೆ. "ಸಾರಿ, ನಿಮ್ಮನ್ನಲ್ಲ" ಅಂದ್ರು.

"ಕನ್ನಡದಲ್ಲಿ ತಾನೇ ಕೂಗಿದ್ದು? ಸಾರಿ ಯಾಕಮ್ಮ" ಅಂದೆ.