ಕೊಳ ತೊಳೆಯಬಹುದು, ಕಾಯುವಂತಿಲ್ಲ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಾರ್ವಜನಿಕ ಈಜುಕೊಳದ ಹಿಂಬಾಗಿಲ ಬೀಗ ತೆಗೆದು ಒಳಬರುವ ಪೂಲಕ್ಕ ತಕ್ಷಣ ದೀಪ ಹಾಕುವುದಿಲ್ಲ. ಕತ್ತಲಲ್ಲೇ ನಿಂತು ಗಾಳಿ ಮೂಸುತ್ತಾರೆ.

"ಘಾಟು ಜಾಸ್ತಿ ಬಂದ್ರೆ ಕ್ಲೋರಿನ್ ಜಾಸ್ತಿ ಆಗಿದೆ ಅನ್ಕೋತಾರೆ ಜನ. ಅಲ್ಲ, ನೀರು ಗಲೀಜಾಗಿದೆ ಅಂತ ಅರ್ಥ. ನಿನ್ನೆ ಸಂಜೆ ಬ್ಯಾಚಿನೋರು ಮೈ ತೊಳ್ಕೊಳ್ದೆ ಇಳಿದಿದಾರೆ, ಮಹಾರಾಯರು!"

ಆಮೇಲೆ ದೀಪ, ಆಮೇಲೆ ಕೋಲು. ಆರು ಮೀಟರ್ ಉದ್ದದ ಆ ಕೋಲಿನ ತುದಿಯಲ್ಲಿ ಬಲೆ. ಎಡಗೈಯಲ್ಲಿ ಹಿಡಿದು, ಬುಡವನ್ನು ಬಲಗಂಕುಳಲ್ಲಿ ಅವುಚಿಕೊಂಡು, ಸೊಂಟದಿಂದ ತಿರುಗಿಸಿ ನೀರಿನ ಮೇಲೆ ಹಾಯಿಸುತ್ತಾರೆ. ಅವರ ಬಲಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿಯುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ. ಐವತ್ತು ಮೀಟರಿನ ಕೊಳ, ಎಂಟು ಲೇನು, ಹದಿನಾಲ್ಕು ಶವರ್, ಎರಡು ಬಟ್ಟೆ ಬದಲಿಸುವ ಕೋಣೆ. ಆರೂವರೆಗೆ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲವೂ ಮುಗಿದಿರಬೇಕು.

ಕೊನೆಯ ಕೆಲಸ ಮುಂಗೋಡೆಯ ಮೇಲಿರುವ ದೊಡ್ಡ ಫೋಟೊದ ಗಾಜು ಒರೆಸುವುದು. ಫೋಟೊದಲ್ಲಿ ಇಪ್ಪತ್ತಾರರ ಹುಡುಗಿಯೊಬ್ಬಳು ಒದ್ದೆ ತಲೆಯಲ್ಲಿ, ಕೊರಳಲ್ಲಿ ಪದಕ ಹಾಕಿಕೊಂಡು ನಗುತ್ತಿದ್ದಾಳೆ. ಕೆಳಗೆ 'ನಮ್ಮ ಹೆಮ್ಮೆ' ಎಂದಿದೆ. ಬಲಗೈ ಕಾಣದಂತೆ ಭುಜದ ಹತ್ತಿರವೇ ಕತ್ತರಿಸಿದ್ದಾರೆ. ಆ ಹುಡುಗಿ ಈಗ ನಲವತ್ತೊಂದರ ಹೆಂಗಸಾಗಿ ತನ್ನದೇ ಮುಖದ ಮೇಲಿನ ಧೂಳು ಒರೆಸುತ್ತಿದ್ದಾಳೆ. ಮಕ್ಕಳನ್ನು ತರಗತಿಗೆ ಬಿಟ್ಟು ಅದೇ ಗೋಡೆಗೆ ಒರಗಿ ಮೊಬೈಲ್ ನೋಡುವ ನಮ್ಮಂಥ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನ ಈ ಎರಡು ಮುಖಗಳನ್ನು ಜೋಡಿಸಿ ನೋಡಿದ್ದೇವೆ? ನಾನಂತೂ ಎರಡು ವರ್ಷ ನೋಡಲಿಲ್ಲ.

ಪ್ಯಾರಾ ಈಜಿನಲ್ಲಿ ಹನ್ನೊಂದು ವರ್ಷದ ಸ್ಪರ್ಧೆ, ರಾಷ್ಟ್ರಮಟ್ಟದಲ್ಲಿ ಹದಿನೇಳು ಚಿನ್ನ, ಹೊರದೇಶದಲ್ಲಿ ಎರಡು ಕಂಚು. ಮೂರನೆಯದು ಚಿನ್ನವೇ ಆಗಬೇಕಿತ್ತು. ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್‌ನಲ್ಲಿ ಅವರು ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದರು. ಮುಟ್ಟಬೇಕಾದ್ದು ಉದ್ದದ ಕೈ ಮಾತ್ರ. ಆದರೆ ಆ ಹೊತ್ತಿಗೆ ಗಿಡ್ಡ ಕೈಯೂ ಅದರ ಜೊತೆಯಲ್ಲೇ ಮುಂದಕ್ಕೆ ಚಾಚಿರಬೇಕು ಎನ್ನುತ್ತದೆ ನಿಯಮ. ಪೂಲಕ್ಕನ ಗಿಡ್ಡ ಕೈ ಕೊನೆಯ ಕ್ಷಣದಲ್ಲಿ ಪಕ್ಕೆಗೆ ಅಂಟಿಕೊಂಡಿತ್ತು. ಅನರ್ಹ.

"ನಂಗೆ ಗೊತ್ತೇ ಆಗ್ಲಿಲ್ಲ. ಆ ಗೋಡೆ ಮೇಲೆ ಜನ ಬಗ್ಗಿ ನೋಡ್ತಿದ್ರಲ್ಲ, ಕೈ ತಾನಾಗೇ ಒಳಗೆ ಹೋಯ್ತು. ಚಿಕ್ಕೋಳಿದ್ದಾಗಿಂದ ಅಭ್ಯಾಸ. ನಮ್ಮಮ್ಮ ಬಲಗಡೆ ತೋಳು ಮಾತ್ರ ಉದ್ದ ಹೊಲಿಸೋರು. ನೆಂಟರು ಬಂದ್ರೆ, 'ಮುಚ್ಕೊಳ್ಳೇ'. ಫೋಟೊ ತೆಗೆದ್ರೆ, 'ಹಿಂದಕ್ಕೆ ಇಟ್ಕೊಳ್ಳೇ'. ಇಪ್ಪತ್ತೇಳು ವರ್ಷ ಮುಚ್ಕೋ ಮುಚ್ಕೋ ಅಂದು, ಒಂದಿನ ಇದ್ದಕ್ಕಿದ್ದಂಗೆ ಚಾಚು ಅಂದ್ರೆ?"

ಹಿಂದಿರುಗಿದಾಗ ನಿಲ್ದಾಣಕ್ಕೆ ಬಂದದ್ದು ಅಣ್ಣ ಒಬ್ಬನೇ. ಮರುವರ್ಷ ಭುಜದ ಕೀಲು ಕೈಕೊಟ್ಟಿತು. ಒಂದೇ ಕೈ ಎರಡು ಕೈಯ ಕೆಲಸ ಮಾಡಿದರೆ ಇನ್ನೇನಾಗುತ್ತದೆ? ಈಜು ಸಂಘದವರು ಶಾಲು ಹೊದಿಸಿ ಕೈ ತೊಳೆದುಕೊಂಡರು. ಭುಜ ಸರಿಹೋಗಲು ಮೂರು ವರ್ಷ ಹಿಡಿಯಿತು. ಆಮೇಲೆ ಸಿಕ್ಕಿದ್ದು ಈ ಕೆಲಸ. ಗುತ್ತಿಗೆಯದು, ಹತ್ತು ವರ್ಷದಿಂದ.

ಅವರಿಗೆ ಬೇಕಾಗಿರುವುದು ಇನ್ನೊಂದು ಕೆಲಸ. ಇದೇ ಕೊಳದ ಜೀವರಕ್ಷಕರ ಹುದ್ದೆ. ಪರೀಕ್ಷೆ ಇರುವುದು ನೀರಿನಲ್ಲೇ: ನಾನೂರು ಮೀಟರನ್ನು ಎಂಟು ನಿಮಿಷದಲ್ಲಿ ಈಜಬೇಕು, ತಳದಿಂದ ಐದು ಕಿಲೊ ಭಾರ ಎತ್ತಿ ತರಬೇಕು, ರಬ್ಬರ್ ಬೊಂಬೆಯನ್ನು ಒಂದು ದಡದಿಂದ ಇನ್ನೊಂದಕ್ಕೆ ಎಳೆಯಬೇಕು. ಆದರೆ ಅರ್ಜಿಯ ಏಳನೇ ಷರತ್ತು, 'ಎರಡೂ ಕೈಗಳು ಪೂರ್ಣವಾಗಿರತಕ್ಕದ್ದು' ಎನ್ನುತ್ತದೆ. ಮೂರು ಸಲ ಅರ್ಜಿ ಹಾಕಿದ್ದಾರೆ. ಮೂರು ಸಲವೂ ನೀರಿಗೆ ಇಳಿಯುವ ಮೊದಲೇ ವಾಪಸ್. ಕಳೆದ ಸಲ ಪರೀಕ್ಷೆಗೆ ಬಂದ ಇಪ್ಪತ್ತಮೂರು ಜನರಲ್ಲಿ ಒಂಬತ್ತು ಮಂದಿ ಬೊಂಬೆ ಎಳೆಯಲಾರದೆ ಸೋತರು. ಅವರು ನಡುನೀರಲ್ಲಿ ಬಿಟ್ಟುಹೋದ ಬೊಂಬೆಯನ್ನು ಸಂಜೆ ಎಳೆದು ತಂದು ಉಗ್ರಾಣಕ್ಕೆ ಸೇರಿಸಿದ್ದು ಯಾರು ಅಂದುಕೊಂಡಿರಿ?

"ಮುಳುಗೋರನ್ನ ಎರಡು ಕೈಯಲ್ಲಿ ತಬ್ಕೊಂಡು ಈಜೋಕಾಗುತ್ತಾ ಹೇಳಿ. ಒಂದು ಕೈಲಿ ಹಿಡಿ, ಕಾಲು ಬಡಿ. ನನ್ನ ಕಾಲು ನೋಡಿದೀರಾ? ಎಂಜಿನ್ನು!"

ಬೊಂಬೆಯಷ್ಟೇ ಅಲ್ಲ. ಹೋದ ಬೇಸಿಗೆಯಲ್ಲಿ ಜೀವರಕ್ಷಕ ಫೋನಿನಲ್ಲಿ ಮುಳುಗಿದ್ದಾಗ ವಯಸ್ಸಾದ ಹೆಂಗಸೊಬ್ಬರು ಆಳದಲ್ಲಿ ಮುಳುಗಿದರು. ಬ್ರಷ್ ಎಸೆದು ಹಾರಿದವರು ಪೂಲಕ್ಕ. ಎಳೆದು ತಂದರು, ಉಸಿರು ತರಿಸಿದರು. ದಾಖಲೆಯಲ್ಲಿ 'ಸಿಬ್ಬಂದಿಯ ಸಮಯಪ್ರಜ್ಞೆ' ಎಂದಷ್ಟೇ ಇದೆ. ನಾಲ್ಕು ದಿನಕ್ಕೆ ಇವರ ಹೆಸರಿಗೆ ನೋಟಿಸು ಬಂತು: ಸಮವಸ್ತ್ರದಲ್ಲಿ ನೀರಿಗೆ ಇಳಿದದ್ದೇಕೆ, ವಿವರಣೆ ನೀಡಿ.

ವ್ಯವಸ್ಥಾಪಕರ ಕೋಣೆಗೆ ಹೋಗಿ ಕೇಳಿದೆ. ಚಹಾ ತರಿಸಿದರು. "ಅವರ ಮೇಲೆ ನಮಗೆಲ್ಲ ತುಂಬಾ ಗೌರವ ಇದೆ ಮೇಡಂ. ನಮ್ಮ ಸ್ಫೂರ್ತಿ ಅವರು. ಆದ್ರೆ ಪೋಷಕರು ನೋಡಿದ್ರೆ ಹೆದರ್ತಾರೆ."

"ನಾನೂ ಪೋಷಕಿ. ನನ್ನ ಮಗಳು ಇಲ್ಲೇ ಈಜೋದು. ನನ್ನನ್ನ ಕೇಳಿದ್ರಾ?"

"ಷರತ್ತು ನಾನು ಬರೆದದ್ದಲ್ಲ, ಮೇಡಂ."

ಯಾರೂ ಬರೆದಿಲ್ಲ. ಈ ದೇಶದಲ್ಲಿ ಷರತ್ತುಗಳು ಪಾಚಿಯಂತೆ ತಾವಾಗಿಯೇ ಬೆಳೆಯುತ್ತವೆ! ಫೋಟೊ ತೂಗುಹಾಕಲು ಒಂದು ಕೈ ಸಾಕು, ಹದಿನಾಲ್ಕು ಶವರ್ ಉಜ್ಜಲು ಒಂದು ಕೈ ಸಾಕು, ಜೀವ ಉಳಿಸಲು ಮಾತ್ರ ಸಾಲದು. ಸ್ಫೂರ್ತಿ ಎಂಬ ಮಾತು ಇಷ್ಟು ಅಗ್ಗವಾಗಿ ಖರ್ಚಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಸೋಮವಾರ ಮತ್ತೆ ಪರೀಕ್ಷೆ. ನಾಲ್ಕನೇ ಅರ್ಜಿ ಅದೇ ವ್ಯವಸ್ಥಾಪಕರ ಮೇಜಿನ ಮೇಲಿದೆ. ನಲವತ್ತೆರಡು ತುಂಬಿದರೆ ವಯಸ್ಸಿನ ಮಿತಿ ದಾಟುತ್ತದೆ, ಹಾಗಾಗಿ ಇದೇ ಕೊನೆಯದು. ವ್ಯಾನ್ ಓಡಿಸುವ ಗಂಡ, "ಬಿಡೇ ಮಾರಾಯ್ತಿ, ಬಿಪಿ ಏರಿಸ್ಕೋಬೇಡ" ಅನ್ನುತ್ತಾರಂತೆ. ಅನ್ನುತ್ತಲೇ, ವಾರದಲ್ಲಿ ಮೂರು ದಿನ, ಬೆಳಗಿನ ಕೆಲಸ ಮುಗಿದ ಮೇಲೆ, ಅರ್ಧ ಗಂಟೆ ದೂರದ ಕೆರೆಗೆ ಕರೆದೊಯ್ದು, ದಡದಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾರೆ. ತಾನು ತೊಳೆಯುವ ಕೊಳದಲ್ಲಿ ಈಜಲು ಪೂಲಕ್ಕನಿಗೆ ಅನುಮತಿ ಇಲ್ಲವಲ್ಲ.

"ನಂಗೆ ರಿಯಾಯ್ತಿ ಬೇಡ. ಕರುಣೆ ಅಂತೂ ಬೇಡವೇ ಬೇಡ, ಅದು ಮನೇಲಿ ಇಡೋಕೆ ಜಾಗ ಇಲ್ಲದಷ್ಟಿದೆ. ಒಂದ್ಸಲ ನೀರಿಗೆ ಇಳಿಸಿ ನೋಡ್ಲಿ. ಅಷ್ಟೇ."

ಇಳಿಸಿದರೆ ಪಾಸಾಗ್ತೀರಾ, ಎಂದು ಕೇಳಿದೆ. ಶವರಿನ ತಲೆ ಉಜ್ಜುತ್ತಿದ್ದವರು ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ.

"ಪಾಸಾಗ್ತೀರಾ ಅಂತ ಕೇಳೋದಾ? ಎಂಟು ನಿಮಿಷದಲ್ಲಿ ಎಷ್ಟು ಸೆಕೆಂಡು ಉಳಿಸ್ತೀರಾ ಅಂತ ಕೇಳಿ."