ಭಾವನ ಮಡಿಲಲ್ಲಿ ಮೂರು ಫ್ಯೂಸು

ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಲೈನ್‌ಮನ್ ಕಂಬದ ಬುಡದಲ್ಲಿ ನಿಂತಿದ್ದಾರೆ, ಹತ್ತುತ್ತಿಲ್ಲ. ರಾತ್ರಿ ಬಿದ್ದ ಫಿರಂಗಿ ಷೆಲ್ಲಿಗೆ ತಂತಿ ಕಡಿದು ಗೋಡೆಯ ಮೇಲೆ ಜೋತುಬಿದ್ದಿದೆ. ಆಸ್ಪತ್ರೆಯೊಳಗೆ ದಿನ ತುಂಬದೆ ಹುಟ್ಟಿದ ಕೂಸುಗಳು ಗಾಜಿನ ಪೆಟ್ಟಿಗೆಯಲ್ಲಿವೆ. ಜನರೇಟರಿನ ಡೀಸೆಲ್ ತಳ ಕಂಡಿದೆ.

"ಏನಪ್ಪಾ, ಕಂಬವೇ ಬಗ್ಗಿ ನಿನ್ನನ್ನ ಎತ್ಕೊಳ್ಳುತ್ತೆ ಅಂತ ಕಾಯ್ತಿದ್ದೀಯಾ?" ಏಣಿ ಹಿಡಿದ ಹಿರಿಯ ಸಹೋದ್ಯೋಗಿ ಕಿಚಾಯಿಸುತ್ತಾರೆ. ಇಬ್ಬರಿಗೂ ನಗು ಬರುವುದಿಲ್ಲ.

ಓಣಿಯವರ ಬಾಯಲ್ಲಿ ಈ ಲೈನ್‌ಮನ್ 'ಕಂಬದಣ್ಣ'. ಇವರ ಮನೆ, ಆಸ್ಪತ್ರೆ, ನೀರಿನ ಪಂಪು ನದಿಯ ಈಚೆ. ಕರೆಂಟು ಬರುವ ಉಪಕೇಂದ್ರ ಆಚೆ. ಅಲ್ಲಿ ಸ್ವಿಚ್ಚಿನ ಮುಂದೆ ಕೂರುವವರು ಇವರ ಅಕ್ಕನ ಗಂಡ. ಅಧಿಕಾರ ಯಾರದು, ಪಾಲು ಯಾರಿಗೆ ಎಂಬ ಜಗಳ ಸಭೆಯಿಂದ ಬೀದಿಗಿಳಿದು, ಬೀದಿಯಲ್ಲಿ ಬಂದೂಕು ಹಿಡಿದು ಎರಡು ವರ್ಷವಾಯಿತು. ಸೇತುವೆ ಮುಚ್ಚಿತು. ತಂತಿಯನ್ನು ಮಾತ್ರ ಯಾರೂ ಕತ್ತರಿಸಲಿಲ್ಲ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಆಚೆಯವರಿಗೂ ನೀರಿಲ್ಲ.

"ಹೊರಗಿಂದ ಬಂದ ಶತ್ರು ಆದ್ರೆ ಹೆಸರೂ ಗೊತ್ತಿರಲ್ಲ," ಎನ್ನುತ್ತಾರೆ ಕಂಬದಣ್ಣ. "ಇದು ಹಾಗಲ್ಲ ನೋಡಿ. ಗುಂಡು ಹೊಡೆಯೋನ ಮದುವೇಲಿ ನಾವೇ ನಿಂತು ಬಡಿಸಿರ್ತೀವಿ."

ಈಚೆ ತಂತಿ ರಿಪೇರಿ ಇದ್ದಾಗ ಭಾವನದೊಂದು ಪದ್ಧತಿ. ಬರೀ ಸ್ವಿಚ್ ಆರಿಸಿದರೆ ಅವರಿಗೆ ಸಮಾಧಾನವಿಲ್ಲ. ಮೂರೂ ಫ್ಯೂಸು ಕಿತ್ತು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ, ಕಂಬದಣ್ಣ ಇಳಿಯುವವರೆಗೂ ಏಳುವುದಿಲ್ಲ. ಆದರೂ ಇವರು ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸಲಾಕೆಯನ್ನು ತಂತಿಗೆ ತಗುಲಿಸಿಯೇ ಮುಟ್ಟುತ್ತಿದ್ದರು. ಹೋದ ವಾರ ಚೆಕ್‌ಪೋಸ್ಟಿನವರು ಅದನ್ನು ಕಿತ್ತುಕೊಂಡರು. "ಆಂಟೆನಾ ಅಂದ್ರು. ಬಟ್ಟೆ ಒಣಗ್ಹಾಕೋ ಕೋಲು ಅಂದಿದ್ರೆ ಬಿಡ್ತಿದ್ರೇನೋ." ಈಗ ಉಳಿದಿರುವುದು ಭಾವನ ಮಾತೊಂದೇ.

ಮೊನ್ನೆ ಈಚೆಯಿಂದ ಹಾರಿದ ಷೆಲ್ಲು ಬಿದ್ದದ್ದು ಆ ಭಾವನ ಅಂಗಳಕ್ಕೆ. ಅವರ ಒಬ್ಬನೇ ಮಗ, ಕಂಬದಣ್ಣನ ಸೋದರಳಿಯ, ತೀರಿಹೋದ. ಆಮೇಲೆ ಇಬ್ಬರೂ ಮಾತಾಡುತ್ತಿರುವುದು ಇದೇ ಮೊದಲು.

"ಭಾವ... ನಾನು."

ಕಂಬದಣ್ಣ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ.

"ಆಸ್ಪತ್ರೆ ಲೈನು ಭಾವ. ತಂತಿ ಕಡಿದಿದೆ."

"ಅವನನ್ನ ಆ ಆಸ್ಪತ್ರೆಗೇ ಹೊತ್ಕೊಂಡು ಬಂದಿದ್ದೆ," ಎನ್ನುತ್ತದೆ ಆಚೆಯ ದನಿ. "ಸೇತುವೆ ದಾಟೋಕೆ ಬಿಡ್ಲಿಲ್ಲ, ನಿಮ್ಮವರು."

'ನಿಮ್ಮವರು' ಎಂಬ ಮಾತು ಈ ಎರಡು ವರ್ಷದಲ್ಲಿ ಒಮ್ಮೆಯೂ ಭಾವನ ಬಾಯಲ್ಲಿ ಬಂದಿರಲಿಲ್ಲ. 

"ಕಂಬ ಹತ್ತು," ಎನ್ನುತ್ತಾರೆ ಭಾವ. "ಮಡಿಲಲ್ಲಿವೆ."

ಏಣಿಯವರು ತೋಳು ಹಿಡಿದೆಳೆಯುತ್ತಾರೆ. "ಬೇಡ ಕಣೋ. ಮಗನ್ನ ಕಳ್ಕೊಂಡ ಹೊಟ್ಟೆ ಅದು. ಹೇಗೆ ನಂಬ್ತೀಯಾ?"

"ನಂಬಿಕೆ ಇದೆ ಅಂತ ನಾನೆಲ್ಲಿ ಹೇಳಿದೆ? ಏಣಿ ಗಟ್ಟಿಯಾಗಿ ಹಿಡ್ಕೊ ಸಾಕು."

ಮೇಲೆ ಹತ್ತಿದವರು ಕಣ್ಣು ಮುಚ್ಚಿ ಕೈಯ ಹಿಂಬದಿಯನ್ನು ತಂತಿಯತ್ತ ಒಯ್ಯುತ್ತಾರೆ. ಮನೆಯ ಕರೆಂಟಿಗಾದರೆ ಅದೊಂದು ಉಪಾಯ: ಶಾಕ್ ಹೊಡೆದರೆ ಬೆರಳು ತಂತಿಯನ್ನು ಹಿಡಿದುಕೊಳ್ಳುವುದಿಲ್ಲ, ಕೈ ಹಿಂದಕ್ಕೆ ಬರುತ್ತದೆ. ಈ ಲೈನಿನಲ್ಲಿ ಕರೆಂಟಿದ್ದರೆ ಕೈ ಹಿಂದೆ ತೆಗೆಯಲು ಮನುಷ್ಯನೇ ಉಳಿಯುವುದಿಲ್ಲ. ಬೆರಳು ತಾಗುತ್ತದೆ. ತಂತಿ ತಣ್ಣಗಿದೆ. ಕೆಳಗೆ ಏಣಿ ಗಡಗಡ ನಡುಗುವುದು ಮೇಲಿನವರೆಗೂ ತಿಳಿಯುತ್ತದೆ.

ತಂತಿ ಬೆಸೆದು ಇಳಿದವರೇ ಫೋನು ಮಾಡುತ್ತಾರೆ. "ಇಳಿದೆ ಭಾವ."

"ನೆಲದ ಮೇಲೆ ನಿಂತಿದ್ದೀಯಾ?"

"ನಿಂತಿದ್ದೀನಿ."

"ಕಂಬದಿಂದ ದೂರ ಹೋಗು. ಹೋದೆಯಾ? ಇನ್ನೊಂದ್ಸಲ ಹೇಳು."

"ಹೋದೆ, ಭಾವ."

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಕಿಟಕಿಗಳು ಬೆಳಗುತ್ತವೆ. ಕಂಬದಣ್ಣ ಓಣಿಯ ಕಟ್ಟೆಯ ಮೇಲೆ ಕೂರುತ್ತಾರೆ. ಇವರ ಕೆಲಸಕ್ಕೆ ಯಾರೂ ಹಾರ ಹಾಕಿಲ್ಲ, ಇವರಿಗೆ ಅದು ಬೇಕಾಗಿಯೂ ಇಲ್ಲ. ಮತ್ತೇನು ಆಸೆ ಎಂದರೆ ನದಿಯ ಕಡೆ ನೋಡುತ್ತಾರೆ.

"ಸೇತುವೆ ತೆಗೆದ ದಿನ ಅಕ್ಕನ ಮನೆಗೆ ಹೋಗ್ಬೇಕು. ಹೇಳೋಕೆ ನನ್ ಹತ್ರ ಏನೂ ಇಲ್ಲ. ಅವಳ ಪಕ್ಕ ಸುಮ್ನೆ ಕೂರ್ಬೇಕು." ತಡೆದು ಸೇರಿಸುತ್ತಾರೆ: "ಬಾಗಿಲು ತೆಗೆದ್ರೆ."